31 ಲಗ್ನಪತ್ರಿಕೆ, ಒಂದು ಕೆಆರ್‌ಎಸ್ ರಸ್ತೆ

ಗುರುವಾರ

ಮಾವನ ಮೊಮ್ಮಗಳ ಮದುವೆ ಮಾಘ ಮಾಸದಲ್ಲಿ. ಸಂಕ್ರಾಂತಿಯ ಮಾರನೇ ದಿನ ಅತ್ತೆ ಬೆಂಗಳೂರಿಗೆ ಫೋನ್ ಮಾಡಿದರು. "ಎರಡು ದಿನ ರಜಾ ಹಾಕ್ಕೊಂಡು ಬಾರೇ. ಕೆಆರ್‌ಎಸ್ ರೋಡ್ ಕಡೆ ಕಾರ್ಡೆಲ್ಲ ನಾನೇ ಹಂಚ್ತೀನಿ ಅಂತ ಕೂತಿದಾರೆ ನಿಮ್ಮಾವ. ಒಬ್ಬರನ್ನೇ ಗಾಡಿ ಹತ್ತಿಸೋಕೆ ನನಗೆ ಧೈರ್ಯ ಇಲ್ಲ."

"ವಾಟ್ಸಾಪಲ್ಲಿ ಕಳಿಸಿದ್ರೆ ಸಾಕಲ್ವಾ ಅತ್ತೆ?"

"ಆ ಮಾತು ಅವರ ಮುಂದೆ ಎತ್ತಬೇಡ."

ಹಾಗಾಗಿ 2025ರ ಜನವರಿ 16ರ ಬೆಳಿಗ್ಗೆ ಒಂಟಿಕೊಪ್ಪಲಿನ ಮನೆಯ ಜಗಲಿಯಲ್ಲಿ ಕೂತು ಕಾರ್ಡುಗಳ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಿದ್ದೆ. ಒಟ್ಟು 31 ಕಾರ್ಡ್. ಮಾವ ಎದುರಿಗೆ ಕೂತು ಡೈರಿ ಬಿಡಿಸಿಕೊಂಡು ವಿಳಾಸ ಓದುತ್ತಿದ್ದರು. ರಟ್ಟು ಕಿತ್ತುಹೋಗಿ, ರಬ್ಬರ್ ಬ್ಯಾಂಡಿನ ಮೇಲೆ ನಿಂತಿರುವ ಡೈರಿ ಅದು. ಡೋರ್ ನಂಬರ್ ಅನ್ನೋದು ಅದರಲ್ಲಿ ಒಂದು ಕಡೆಯೂ ಇಲ್ಲ. "ಹಿಟ್ಟಿನ ಗಿರಣಿ ಪಕ್ಕದ ಸಂದಿ, ಎರಡನೇ ಮನೆ." "ಸೌದೆ ಡಿಪೋ ಎದುರು, ಮೇಲ್ಗಡೆ." "ಹುಣಸೆಮರದ ಬಸ್‌ಸ್ಟಾಪಿಂದ ಹಿಂದಕ್ಕೆ." ಗಿರಣಿ ಇಲ್ಲ. ಡಿಪೋ ಇಲ್ಲ. ಹುಣಸೆಮರ ಹೋಗಿ ಯಾವ ಕಾಲವಾಯಿತೋ.

"ಇದನ್ನಿಟ್ಕೊಂಡು ಹ್ಯಾಗೆ ಮಾವ ಹುಡುಕೋದು?"

"ಹುಡುಕೋದೇನು ಬಂತು? ನಂಗೆ ಗೊತ್ತಲ್ಲ."

ಈ ಊರಿನಲ್ಲಿ ಇದೇನೂ ಹೊಸದಲ್ಲ. ಜೋಡಿ ತೆಂಗಿನಮರದ ರಸ್ತೆ ಅಂತಲೇ ಒಂದು ರಸ್ತೆ ಇರುವ ಊರು ಮೈಸೂರು. ನಮ್ಮ ಬಡಾವಣೆಯ ಹೆಸರೂ ಅಷ್ಟೇ, ಒಂಟಿಕೊಪ್ಪಲು. ದಾಖಲೆಯಲ್ಲಿ ವಾಣಿ ವಿಲಾಸ ಮೊಹಲ್ಲ, ಬೋರ್ಡಿನಲ್ಲಿ ವಿ.ವಿ. ಮೊಹಲ್ಲ. ಹಳಬರ ಬಾಯಲ್ಲಿ ಮಾತ್ರ ಇವತ್ತಿಗೂ ಕೊಪ್ಪಲು. ಈ ಹೆಸರು ಮೈಸೂರು ಕಾಣದವರಿಗೂ ಗೊತ್ತಿರುತ್ತದೆ, ಪಂಚಾಂಗದಿಂದಾಗಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊಳೆಗೆ ನೇತು ಹಾಕಿರುವುದು ಒಂಟಿಕೊಪ್ಪಲ್ ಪಂಚಾಂಗವೇ. ಈ ಮದುವೆ ಮುಹೂರ್ತ ಇಟ್ಟಿದ್ದೂ ಅದನ್ನೇ ನೋಡಿ.

ಮೊದಲ ಕಾರ್ಡ್ ದೇವರಿಗೆ. ಕೆಆರ್‌ಎಸ್ ರಸ್ತೆಯ ಲಕ್ಷ್ಮೀವೆಂಕಟರಮಣಸ್ವಾಮಿ ದೇವಸ್ಥಾನಕ್ಕೆ ನಡೆದೇ ಹೋದೆವು. ವೈಕುಂಠ ಏಕಾದಶಿ ಆಗಿ ಆರು ದಿನವಾಗಿತ್ತಷ್ಟೆ. ಕ್ಯೂಗೆ ಕಟ್ಟಿದ್ದ ಗಳುಗಳಲ್ಲಿ ಕೆಲವು ಇನ್ನೂ ರಸ್ತೆ ಬದಿಯಲ್ಲಿ ಬಿದ್ದಿದ್ದವು. ಮಾವ ಕಾರ್ಡನ್ನು ತಟ್ಟೆಗಿಟ್ಟು, ಅರ್ಚಕರ ಕಿವಿಯ ಹತ್ತಿರ ಏನೋ ಹೇಳಿದರು. ಆಮೇಲೆ ಹೊರಗೆ ಬಂದು ರಸ್ತೆಯ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ನೋಡಿದರು.

"ಈಗ ಹೇಳು, ನಾವು ಯಾವ ರೋಡಲ್ಲಿ ನಿಂತಿದೀವಿ?"

ಕುಚೋದ್ಯಕ್ಕೇ ಕೇಳಿದ್ದು. ಆ ತಿಂಗಳು ಮೈಸೂರಿನಲ್ಲಿ ಇದೇ ಗಲಾಟೆ. ಈ ದೇವಸ್ಥಾನದಿಂದ ಹೊರವರ್ತುಲ ರಸ್ತೆಯವರೆಗಿನ ತುಂಡಿಗೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಅಂತ ಹೆಸರಿಡುವ ಪ್ರಸ್ತಾಪ ಪಾಲಿಕೆಯಿಂದ ಬಂದಿತ್ತು. ಈ ತುಂಡಿನಲ್ಲಿ ದೊಡ್ಡ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಎದ್ದಿದ್ದು ಅವರ ಕಾಲದಲ್ಲಿ ಅನ್ನೋದು ಒಂದು ಕಡೆಯವರ ವಾದ. ಇದಕ್ಕೆ ಮೊದಲೇ ಪ್ರಿನ್ಸೆಸ್ ರಸ್ತೆ ಅಂತ ಹೆಸರಿದೆ, ಮುಟ್ಟಬೇಡಿ ಅನ್ನೋದು ಇನ್ನೊಂದು ಕಡೆಯವರ ವಾದ. ಆಕ್ಷೇಪಣೆ, ಪತ್ರಿಕಾಗೋಷ್ಠಿ, ಎಲ್ಲ ಆಗಿತ್ತು. ಕಾರ್ಡ್ ಕೊಡಲು ಹೋದ ಮನೆಗಳಲ್ಲಿ ಹುಡುಗ ಏನು ಮಾಡ್ತಾನೆ ಅಂತ ಕೇಳಿ ಮುಗಿದ ತಕ್ಷಣ ಮಾತು ಇಲ್ಲಿಗೇ ಬರುತ್ತಿತ್ತು. ತಮಾಷೆ ಅಂದರೆ ಎರಡೂ ಕಡೆಯವರು ಜಗಳ ಆಡುವಾಗ ಬಳಸುತ್ತಿದ್ದ ಹೆಸರು ಕೆಆರ್‌ಎಸ್ ರೋಡ್.

ಆ ದಿನ ಹನ್ನೊಂದು ಮನೆ, ಒಂಬತ್ತು ಕಾಫಿ. ಎರಡು ಮನೆಯಲ್ಲಿ ಹಾಲು ಒಡೆದಿತ್ತೋ ಏನೋ, ಮಜ್ಜಿಗೆ ಕೊಟ್ಟರು. ಎಲ್ಲ ಕಡೆ ಹಬ್ಬದ ಎಳ್ಳುಬೆಲ್ಲ ಉಳಿದಿತ್ತು. ಸಂಜೆಯ ಹೊತ್ತಿಗೆ ನನ್ನ ಬ್ಯಾಗಿನಲ್ಲಿ ಕಾರ್ಡ್ ಕಡಿಮೆಯಾಗಿ ಎಳ್ಳುಬೆಲ್ಲದ ಪೊಟ್ಟಣ ಜಾಸ್ತಿಯಾಗಿತ್ತು.

ಕೊಪ್ಪಲಿನ ಅಡ್ಡರಸ್ತೆಗಳು ಅಳತೆ ಹಿಡಿದು ಎಳೆದ ಹಾಗಿವೆ. ಹಿಂದಿನ ಶತಮಾನದ ಆರಂಭದಲ್ಲಿ ಪ್ಲೇಗು ಬಂದು ಹಳೇ ಊರಿನ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತ ಮೇಲೆ ಊರನ್ನು ಹೊರಕ್ಕೆ ಬೆಳೆಸಲೇಬೇಕಾಯಿತು. 1903ರಲ್ಲೇ ಮೈಸೂರಿಗೆ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು. ಗಾಳಿ ಬೆಳಕು ಆಡುವ ಇಂಥ ಬಡಾವಣೆಗಳು ಎದ್ದಿದ್ದು ಆ ಭಯದಿಂದ. ಈಗ ಅದೇ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ನಾಲ್ಕು ಮಹಡಿ ಕಟ್ಟುತ್ತಿದ್ದಾರೆ. ಗಾಳಿಗೆ ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ!

ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಮಾವ ಕೈ ತೋರಿಸಿದರು. ಮನೋವಿಜ್ಞಾನದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ರೇಡಿಯೋ ಕೇಂದ್ರ ಶುರು ಮಾಡಿದ್ದು ಇದೇ ಆಸುಪಾಸಿನಲ್ಲಿ. ಅದಕ್ಕಿಟ್ಟ ಹೆಸರು ಆಕಾಶವಾಣಿ. ಒಂದು ಮನೆಯ ರೇಡಿಯೋದ ಹೆಸರು ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಕುವೆಂಪು ಅವರ ‘ಉದಯರವಿ’ಯೂ ಇದೇ ಕೊಪ್ಪಲಿನಲ್ಲಿದೆ. 1994ರಲ್ಲಿ ತೀರಿಕೊಳ್ಳುವವರೆಗೂ ಅವರು ಇದ್ದದ್ದು ಇಲ್ಲೇ. ಮಾವನ ಡೈರಿಯಲ್ಲಿ "ಉದಯರವಿ ಹಿಂದಿನ ರೋಡು" ಅಂತ ಒಂದು ವಿಳಾಸ ಇತ್ತು. ಇಡೀ ದಿನದಲ್ಲಿ ಯಾರನ್ನೂ ಕೇಳದೆ ನಾನೇ ಹುಡುಕಿದ ಮನೆ ಅದೊಂದು.

ಶುಕ್ರವಾರ

ಇವತ್ತು ಸ್ಕೂಟರ್. ಕೆಳಗಿನ ತುದಿಯಿಂದ ಶುರು ಮಾಡೋಣ ಅಂದರು ಮಾವ. ಕೆಳಗಿನ ತುದಿ ಅಂದರೆ ರೈಲ್ವೆ ಸ್ಟೇಷನ್. ಅಲ್ಲಿಂದ ಹೊರಟ ರಸ್ತೆ ಯಾದವಗಿರಿ, ಒಂಟಿಕೊಪ್ಪಲು, ಮೇಟಗಳ್ಳಿ ದಾಟಿ, ಬೆಳಗೊಳದ ಮೇಲೆ ಹೋಗಿ ಕನ್ನಂಬಾಡಿ ಕಟ್ಟೆ ಮುಟ್ಟುತ್ತದೆ. ಹೆಚ್ಚು ಕಡಿಮೆ 20 ಕಿಲೋಮೀಟರ್. ಹುಟ್ಟುವುದು ಮೈಸೂರು ಜಿಲ್ಲೆಯಲ್ಲಿ, ಮುಗಿಯುವುದು ಮಂಡ್ಯ ಜಿಲ್ಲೆಯಲ್ಲಿ.

ರೈಲ್ವೆ ಮ್ಯೂಸಿಯಂ ಮುಂದೆ ಮಾವ ಗಾಡಿ ನಿಲ್ಲಿಸು ಅಂದರು. ಕಾರ್ಡ್ ಯಾರಿಗೂ ಇಲ್ಲ, ಸುಮ್ನೆ. 1979ರಲ್ಲಿ ಆದ ಮ್ಯೂಸಿಯಂ ಇದು. ಅದು ಶುರುವಾದಾಗ ನಾನು ಕೈಗೂಸು. ಆಮೇಲೆ ಬೇಸಿಗೆ ರಜೆಗೆ ಬಂದಾಗಲೆಲ್ಲ ಮಾವ ಕರೆದುಕೊಂಡು ಬರುತ್ತಿದ್ದರು. 1899ರ ಮಹಾರಾಣಿ ಸಲೂನ್ ನೋಡುವುದೇ ಆಗ ದೊಡ್ಡ ಸಂಭ್ರಮ. ರೈಲಿನೊಳಗೆ ಅಡುಗೆಮನೆ, ಊಟದ ಕೋಣೆ! ನಮ್ಮ ಮನೆಯಲ್ಲೇ ಬೇರೆ ಊಟದ ಕೋಣೆ ಇರಲಿಲ್ಲ. ಇವತ್ತು ಕಿಟಕಿಯಿಂದ ಬಗ್ಗಿ ನೋಡಿದರೆ ಎಲ್ಲ ಸ್ವಲ್ಪ ಚಿಕ್ಕದಾಗಿ ಕಂಡಿತು.

ಎದುರಿಗೆ ಸಿಎಫ್‌ಟಿಆರ್‌ಐ. ಮರಗಳ ಹಿಂದೆ ಬಿಳಿ ಅರಮನೆ. ಚಾಮರಾಜ ಒಡೆಯರ ಮೂರನೇ ಮಗಳು ಚೆಲುವಾಜಮ್ಮಣ್ಣಿಗಾಗಿ ಕಟ್ಟಿದ ಚೆಲುವಾಂಬ ಮ್ಯಾನ್ಷನ್ ಇದು. 1950ರ ಅಕ್ಟೋಬರ್‌ನಲ್ಲಿ ಆಹಾರ ಸಂಶೋಧನೆಯ ಸಂಸ್ಥೆ ಇಲ್ಲಿ ಶುರುವಾಯಿತು. ಎಮ್ಮೆ ಹಾಲಿನಿಂದ ಮಗುವಿಗೆ ಒಗ್ಗುವ ಪುಡಿ ಮಾಡುವ ವಿಧಾನ ಕಂಡುಹಿಡಿದದ್ದು ಇಲ್ಲಿಯ ವಿಜ್ಞಾನಿಗಳೇ. ಅಮುಲ್ ಡಬ್ಬಿಯ ಹಾಲು ಕುಡಿದು ಬೆಳೆದ ನಮ್ಮ ತಲೆಮಾರು ಈ ಗೇಟಿಗೆ ಒಂದು ನಮಸ್ಕಾರ ಹಾಕಬೇಕು. ಮಾವನಿಗೆ ಅದಕ್ಕಿಂತ ಮುಖ್ಯವಾದ ವಿಷಯ ಬೇರೆ ಇತ್ತು.

"ಮೂರು ಜನ ಅಕ್ಕತಂಗಿಯರು. ದೊಡ್ಡವರ ಮನೆ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ. ಎರಡನೆಯವರದು ಕಾರಂಜಿ ಮ್ಯಾನ್ಷನ್, ಆ ಕಡೆ ಬೆಟ್ಟದ ದಿಕ್ಕಿಗೆ. ಮೂರನೆಯವರದು ಇದು. ನಾಳೆ ಎರಡನೆಯವರ ಹತ್ತಿರ ಹೋಗ್ತೀವಿ."

"ಕಾರಂಜಿ ಕೆರೆ ಕಡೆಗಾ?"

"ಅಲ್ಲ, ಇದೇ ರೋಡಲ್ಲೇ" ಅಂದು ಸುಮ್ಮನಾದರು. ಸಸ್ಪೆನ್ಸ್ ಇಡುವುದು ಅವರಿಗೆ ಮೊದಲಿನಿಂದಲೂ ಇಷ್ಟ.

ಯಾದವಗಿರಿಯಲ್ಲಿ ಒಂಬತ್ತು ಕಾರ್ಡ್ ಇದ್ದವು. ಇವರಲ್ಲಿ ಹೆಚ್ಚಿನವರು ಕಾರ್ಖಾನೆಯ ಗೆಳೆಯರು. ಮಾವ 1973ರಲ್ಲಿ ಐಡಿಯಲ್ ಜಾವಾಕ್ಕೆ ಸೇರಿದರು. ಬೈಕಿನ ಮೇಲಿದ್ದ ಜಾವಾ ಹೆಸರು ಹೋಗಿ ಯೆಜ್ಡಿ ಬಂದದ್ದೂ ಅದೇ ವರ್ಷ. ಆದರೆ ಮೈಸೂರಿನವರು ಯಾರೂ ಯೆಜ್ಡಿ ಫ್ಯಾಕ್ಟರಿ ಅಂದದ್ದು ನಾನು ಕೇಳಿಲ್ಲ. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಆ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಜಾವಾ ಫ್ಯಾಕ್ಟರಿಯೇ. ಮುಚ್ಚಿದ ಮೇಲೂ ಅದೇ.

ಮಾವನ ಬೈಕು ಮನೆಯ ಹಿಂದೆ ಇನ್ನೂ ಇದೆ. ನಿನ್ನೆ ರಾತ್ರಿ ಅದರ ಮೇಲಿನ ಹಳೇ ಸೀರೆ ಸರಿಸಿ ತೋರಿಸಿದರು. ಟ್ಯಾಂಕಿನ ಪಕ್ಕದ ರಬ್ಬರ್ ಸೀಳಿದೆ, ಎರಡು ಸೈಲೆನ್ಸರ್‌ಗಳಲ್ಲಿ ಒಂದಕ್ಕೆ ತುಕ್ಕು. ಕಿಕ್ಕರ್ ಎಡಗಡೆಗೆ. ಬೇರೆ ಗಾಡಿಗಳಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ. ಇದರಲ್ಲಿ ಎರಡೂ ಒಂದೇ ಕಡ್ಡಿ. ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಕಿಕ್ಕರ್. ಒದ್ದು ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರ್. ಮಾವ ಅಂಗೈಯಿಂದ ಅದನ್ನು ಒತ್ತಿ ಎತ್ತಿ ತೋರಿಸಿದರು. ಕಟಕ್ ಅಂತ ಕೂತುಕೊಂಡಿತು. ಒದೆಯಲಿಲ್ಲ. ಮಂಡಿ ನೋವು. "ಈ ಕಡ್ಡಿ ಅಲ್ಲಾಡದ ಹಾಗೆ ಕೂರಿಸೋದೇ ಒಂದು ಕಲೆ ಕಣೇ" ಅಂದರು. ನನಗೆ ನೆನಪಿರುವುದು ಸದ್ದು. ಸಂಜೆ ಶಿಫ್ಟ್ ಬಿಟ್ಟರೆ ಈ ರಸ್ತೆಯಲ್ಲಿ ಡಗ್ ಡಗ್ ಡಗ್ ಅಂತ ಒಂದರ ಹಿಂದೆ ಒಂದು. ಆಯಿಲ್ ಬೆರೆಸಿದ ಪೆಟ್ರೋಲಿನ ನೀಲಿ ಹೊಗೆ. ಅತ್ತೆ ಆ ಸದ್ದಿಗೆ ಅನ್ನಕ್ಕೆ ಎಸರಿಡುತ್ತಿದ್ದರು. ಮಾವನ ಗಾಡಿಯ ಸದ್ದು ಯಾವುದು ಅಂತ ಅಷ್ಟರಲ್ಲೂ ಗೊತ್ತಾಗುತ್ತಿತ್ತಂತೆ. ನಾನು ಪೂರ್ತಿ ನಂಬುವುದಿಲ್ಲ.

ಜಾವಾ ಹೆಸರು 2018ರಲ್ಲಿ ಮತ್ತೆ ಬಂತು. ಈಗಿನವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೊಸದರಲ್ಲಿ ಒಂದು ಸಿಗ್ನಲ್‌ನಲ್ಲಿ ನಮ್ಮ ಪಕ್ಕ ನಿಂತಾಗ ಮಾವ ತಲೆ ಬಗ್ಗಿಸಿ ಎಂಜಿನ್ ನೋಡಿದರು. ಹುಡುಗ ಏನು ಅಂಕಲ್ ಅಂದ. "ಏನಿಲ್ಲಪ್ಪ, ಹೋಗು" ಅಂದರು.

ಕಾರ್ಖಾನೆ ಇದ್ದ ಕಡೆ ಈಗ ಬೇರೆ ಕಟ್ಟಡಗಳು. ಅಲ್ಲಿ ನಿಂತರೂ ಮಾವ ಅದನ್ನು ಗೇಟ್ ಅಂತಲೇ ಕರೆದರು. "ಗೇಟಿಂದ ಎಡಕ್ಕೆ ಮೂರನೇ ಮನೆ." ಮೂರನೇ ಮನೆ ಇರಲಿಲ್ಲ. ಅಲ್ಲೊಂದು ಅಪಾರ್ಟ್‌ಮೆಂಟ್, ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾವಲುಗಾರ. ಮಾವ ವೆಲ್ಡಿಂಗ್ ಶಾಪಿನ ತಮ್ಮ ಗೆಳೆಯನ ಹೆಸರು ಹೇಳಿದರು. ಕಾವಲುಗಾರ ಫ್ಲ್ಯಾಟ್ ನಂಬರ್ ಕೇಳಿದ. ಮಾವ ಮತ್ತೆ ಹೆಸರು ಹೇಳಿದರು. ಅವನು ಮತ್ತೆ ಫ್ಲ್ಯಾಟ್ ನಂಬರ್ ಕೇಳಿದ. ಹೀಗೇ ಸ್ವಲ್ಪ ಹೊತ್ತು ನಡೆಯಿತು. ಡೈರಿಯಲ್ಲಿದ್ದದ್ದು ಆರಂಕಿಯ ಲ್ಯಾಂಡ್‌ಲೈನ್ ನಂಬರ್. ಕೊನೆಗೆ ಕಾರ್ಡ್ ವಾಪಸ್ ಬ್ಯಾಗಿಗೆ ಹೋಯಿತು.

ಬೇಜಾರು ಕಳೆಯಲು ವಿವೇಕಾನಂದ ರಸ್ತೆ ಕಡೆಯಿಂದ ಬಂದೆವು. ಆರ್.ಕೆ. ನಾರಾಯಣ್ ಅವರ ಮನೆ ಅಲ್ಲಿದೆ. 2011ರಲ್ಲಿ ಕೆಡವಲು ಹೊರಟಿದ್ದರು, ಗೋಡೆಗೆ ಪೆಟ್ಟೂ ಬಿದ್ದಿತ್ತು. ಜನ ಕೂಗಾಡಿ ನಿಲ್ಲಿಸಿದರು. 2016ರಿಂದ ಮ್ಯೂಸಿಯಂ. ಮಹಡಿಯಲ್ಲಿ ಅರ್ಧವೃತ್ತದ ಕೋಣೆ, ಸುತ್ತ ಕಿಟಕಿ. ಒಳಗೆ ಹೋಗೋಣವಾ ಅಂದೆ. "ಅವರ ಮನೆ ಉಳೀತು. ನನ್ನ ಫ್ರೆಂಡಿಂದು ಉಳೀಲಿಲ್ಲ" ಅಂದರು ಮಾವ. ಒಳಗೆ ಹೋಗಲಿಲ್ಲ.

ಶನಿವಾರ

ಮಂಡಿ ನೋವು ಜಾಸ್ತಿಯಾಗಿ ಹೊರಟಿದ್ದೇ ಮಧ್ಯಾಹ್ನದ ಮೇಲೆ. ಮೇಟಗಳ್ಳಿ ಕಡೆಗೆ ಆರು ಕಾರ್ಡ್.

ಕೊಪ್ಪಲು ದಾಟಿದ ಮೇಲೆ ಎಡಬಲಕ್ಕೆ ಆಸ್ಪತ್ರೆಗಳು. ಜಯದೇವ ಹೃದ್ರೋಗ ಆಸ್ಪತ್ರೆ, ಸೂಪರ್ ಸ್ಪೆಷಾಲಿಟಿ, ಟ್ರಾಮಾ ಸೆಂಟರ್. ಔಷಧಿ ಅಂಗಡಿಗಳ ಸಾಲು, ಎಳನೀರಿನ ಗಾಡಿಗಳು, ಚಿಕ್ಕ ಚಿಕ್ಕ ಲಾಡ್ಜುಗಳು. ರೋಗಿಯ ಕಡೆಯವರು ಫುಟ್‌ಪಾತಿನಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚಿದ್ದರು. ಕೊಡಗು, ಚಾಮರಾಜನಗರ, ಹಾಸನ, ಎಲ್ಲ ಕಡೆಯ ಮಾತು ಒಂದೇ ಬಸ್‌ಸ್ಟಾಪಿನಲ್ಲಿ ಕೇಳಿಸುತ್ತದೆ.

"ಬಂದ್ವು" ಅಂದರು ಮಾವ. "ಎರಡನೆಯವರು."

ಪಿ.ಕೆ. ಸ್ಯಾನಟೋರಿಯಂ. ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ. ಕ್ಷಯ ಬಂದು ಸಣ್ಣ ವಯಸ್ಸಿಗೇ ಹೋದರು. ಅವರ ಹೆಣ್ಣುಮಕ್ಕಳನ್ನೂ ಅದೇ ಕಾಯಿಲೆ ತಿಂದಿತು. ಮಹಾರಾಜರು ತಂಗಿಯ ಹೆಸರಿನಲ್ಲಿ ಊರಾಚೆ, ಗಾಳಿ ಬೀಸುವ ಎತ್ತರದ ಜಾಗದಲ್ಲಿ ಆಸ್ಪತ್ರೆ ಮಾಡಿಸಿದರು. ಅದು 1921. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಒಳ್ಳೆ ಗಾಳಿ, ಬಿಸಿಲು, ಹಾಲು ಮೊಟ್ಟೆ, ವಿಶ್ರಾಂತಿ. ಇಷ್ಟೇ ಚಿಕಿತ್ಸೆ. ಅದಕ್ಕೇ ಅಷ್ಟು ಜಾಗ, ಅಷ್ಟು ಮರ. ಪ್ರಿನ್ಸೆಸ್ ರಸ್ತೆ ಅಂದರೆ ಇವರೇ ಪ್ರಿನ್ಸೆಸ್.

ನಮಗೆ ಚಿಕ್ಕಂದಿನಲ್ಲಿ ಇದು ಯಾವುದೂ ಗೊತ್ತಿರಲಿಲ್ಲ. ಕಟ್ಟೆಗೆ ಹೋಗುವ ಬಸ್ಸಿನಲ್ಲಿ ಸ್ಯಾನಟೋರಿಯಂ ಕಾಂಪೌಂಡ್ ಶುರುವಾದ ಕೂಡಲೇ ನಾನು, ಮಾವನ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಕಾಂಪೌಂಡ್ ಮುಗಿಯುವವರೆಗೆ ಉಸಿರು ಬಿಡಬಾರದು, ಬಿಟ್ಟವರು ಔಟ್. ಕಾಂಪೌಂಡ್ ಎಷ್ಟು ಉದ್ದ ಅಂದರೆ ಯಾವಾಗಲೂ ಎಲ್ಲರೂ ಔಟ್. ಒಂದು ಸಲ ಮುಂದಿನ ಸೀಟಿನಲ್ಲಿದ್ದ ಅಜ್ಜಿ ತಿರುಗಿ ನೋಡಿ, "ನನ್ನ ಮಗ ಅಲ್ಲೇ ಅವ್ನೆ ಕಣ್ರವ್ವ" ಅಂದಿದ್ದರು. ಕೈಯಲ್ಲಿ ಟಿಫನ್ ಕ್ಯಾರಿಯರ್. ಅವರು ಇಳಿದ ಮೇಲೂ ನಾವು ಮೂಗಿನಿಂದ ಕೈ ತೆಗೆದಿದ್ದೆವಾ ಇಲ್ಲವಾ ನೆನಪಾಗುತ್ತಿಲ್ಲ. ಆಟ ಅಲ್ಲಿಗೆ ನಿಂತಿತು ಅಂತ ಬರೆಯಲು ಆಸೆ. ಆದರೆ ಮುಂದಿನ ವರ್ಷವೂ ಆಡಿದ್ದೆವು.

ಮೇಟಗಳ್ಳಿಯಲ್ಲಿ ಬೇಗ ಮುಗಿಯಿತು. ಕಾರ್ಡಿಗಿಂತ ಅಲ್ಲಿ ಮಾತು ಚಿರತೆಯದೇ. ಡಿಸೆಂಬರ್ 31ರಂದು ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ಚಿರತೆ ಕಾಣಿಸಿಕೊಂಡು, ಎಲ್ಲರಿಗೂ ಮನೆಯಿಂದಲೇ ಕೆಲಸ ಮಾಡಿ ಅಂದಿದ್ದರು. "ನಮ್ಮ ಹೊಲದಲ್ಲಿ ಬಂದಾಗ ಯಾರೂ ರಜಾ ಕೊಡ್ಲಿಲ್ಲ" ಅಂದರು ಒಂದು ಮನೆಯ ಯಜಮಾನರು.

ಟೈರ್ ಕಾರ್ಖಾನೆ ಹತ್ತಿರ ಬಂದಾಗ ರಬ್ಬರ್ ವಾಸನೆ ಮೂಗಿಗೆ ಬಡಿಯಿತು. 1997ರಲ್ಲೇ ಜೆಕೆ ಟೈರ್ ಕೈಗೆ ಹೋಗಿದೆ. ಆದರೂ ಆಟೋದವರಿಗೆ ವಿಕ್ರಾಂತ್ ಅಂದರೇ ಸಲೀಸು. ಒಳಕ್ಕೆ ಹೋದರೆ ನೋಟು ಅಚ್ಚು ಹಾಕುವ ಪ್ರೆಸ್, ರಿಸರ್ವ್ ಬ್ಯಾಂಕಿನ ಮುದ್ರಣಾಲಯ. ಅಲ್ಲಿ ಕೆಲಸ ಶುರುವಾದದ್ದು 1996ರಲ್ಲಿ.

"ಅದೇ ವರ್ಷ" ಅಂದರು ಮಾವ, ಹಿಂದಿನ ಸೀಟಿನಿಂದ. "ನಮ್ಮ ಗೇಟ್ ಮುಚ್ಚಿದ್ದೂ, ಇಲ್ಲಿ ನೋಟು ಅಚ್ಚಾಗಿದ್ದೂ. ಮನೇಲಿ ದುಡ್ಡಿಲ್ಲ, ಮೂರು ಮೈಲಿ ಆಚೆ ಬಂಡಿಗಟ್ಟಲೆ ದುಡ್ಡು." ಆ ಮಾತನ್ನು ಅವರು ಬಹಳ ಸಲ ಹೇಳಿ ಹೇಳಿ ಚೂಪು ಮಾಡಿಟ್ಟುಕೊಂಡಿದ್ದಾರೆ ಅಂತ ಗೊತ್ತಾಗುತ್ತಿತ್ತು. ಆದರೂ ನಗು ಬಂತು. ಆಮೇಲೆ ಅವರು ಹದಿನೈದು ವರ್ಷ ಕೊಪ್ಪಲಿನಲ್ಲಿ ಸಣ್ಣ ಸ್ಟೇಷನರಿ ಅಂಗಡಿ ನಡೆಸಿದರು. ಈಗ ಆ ಮಳಿಗೆಯಲ್ಲಿ ಮೊಬೈಲ್ ರಿಪೇರಿ.

ಭಾನುವಾರ

ಉಳಿದದ್ದು ನಾಲ್ಕು ಕಾರ್ಡ್, ಜೊತೆಗೆ ಶುಕ್ರವಾರ ವಾಪಸ್ ಬಂದ ಒಂದು.

ಭಾನುವಾರ ಈ ರಸ್ತೆಗೆ ಇಳಿಯಬಾರದಿತ್ತು. ಹೊರವರ್ತುಲ ರಸ್ತೆಯ ಜಂಕ್ಷನ್ ದಾಟುವುದಕ್ಕೇ ಎರಡು ಸಿಗ್ನಲ್ ಕಾಯಬೇಕಾಯಿತು. ಬೃಂದಾವನಕ್ಕೆ ಹೊರಟ ಟೂರಿಸ್ಟ್ ಬಸ್ಸುಗಳು, ಕೇರಳದ ಕಾರುಗಳು, ಶಾಲೆ ಪ್ರವಾಸದ ಮಕ್ಕಳ ಕೂಗು. ಅದು ದಾಟಿದ ಮೇಲೆ ಮೊದಲೆಲ್ಲ ಹೊಲಗದ್ದೆಯೇ ಇತ್ತು. ಈಗ ಬಡಾವಣೆಯ ಕಮಾನು, ಆಮೇಲೆ ಒಂದು ಗದ್ದೆ, ಮತ್ತೆ ಕಮಾನು. ಬೆಳಗೊಳ ಬಂದ ಮೇಲ್ಯಾಕೋ ಗಾಳಿ ಬದಲಾಯಿಸುತ್ತದೆ. ಕಬ್ಬು, ನೀರು, ಸಗಣಿ ಸೇರಿದ ವಾಸನೆ. ಮೈಸೂರಿನವರು ಕುಡಿಯುವ ಕಾವೇರಿ ನೀರಿನಲ್ಲಿ ಒಂದು ಪಾಲು ಈ ಬೆಳಗೊಳದಿಂದಲೇ ಪಂಪಾಗಿ ಬರುತ್ತದೆ. ಅಂದರೆ ನಾವು ಹೋಗುವ ರಸ್ತೆಯಲ್ಲೇ ನೀರು ಎದುರಿಗೆ ಬರುತ್ತದೆ.

ಬೆಳಗೊಳದಲ್ಲಿ ಮೂರು ಕಾರ್ಡ್ ಕೊಟ್ಟು, ಕಟ್ಟೆ ಊರು ಸೇರಿದಾಗ ಮೂರು ಗಂಟೆ. ಅಲ್ಲಿದ್ದವರು ಮಾವನ ಜೊತೆ ಅಸೆಂಬ್ಲಿ ಲೈನಿನಲ್ಲಿ ಇಪ್ಪತ್ತು ವರ್ಷ ನಿಂತವರು.

"ಏನ್ಲಾ, ಕಾರ್ಡ್ ಕೊಡಕ್ ಬಂದ್ಯಾ, ಊಟಕ್ ಬಂದ್ಯಾ?"

"ಎರಡಕ್ಕೂ ಕಣೋ."

ಮುದ್ದೆ, ಅವರೆಕಾಳು ಸಾರು. ಸಂಕ್ರಾಂತಿ ಹೊತ್ತಿನ ಸೊಗಡಿನ ಅವರೆಗೆ ಬೇರೆ ಏನೂ ಬೇಡ. ನನಗೆ ಎರಡನೇ ಮುದ್ದೆ ಬೇಡವೆಂದರೂ ಬಿತ್ತು. ಊಟವಾದ ಮೇಲೆ ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಕಟ್ಟೆಯ ಮಾತು ತೆಗೆದರು. ಮೈಸೂರು ಮಂಡ್ಯ ಜನಕ್ಕೆ ಮಳೆಗಾಲದಲ್ಲಿ ಇರುವುದು ಒಂದೇ ಅಂಕಿ. ನೂರಿಪ್ಪತ್ನಾಲ್ಕು ಆಯ್ತಾ? ಅಂದರೆ 124.80 ಅಡಿ, ಕಟ್ಟೆ ತುಂಬಿತಾ ಅಂತ. ಏನು, ಎಲ್ಲಿ ಅಂತ ಬಿಡಿಸಿ ಕೇಳುವ ಅಗತ್ಯವೇ ಇಲ್ಲ.

ಆಮೇಲೆ ಅವರು ನಮ್ಮನ್ನು ನೀರು ಕಾಣುವ ಕಡೆ ಕರೆದುಕೊಂಡು ಹೋದರು. ಅಣೆಕಟ್ಟಿನ ಮೇಲೆ ಈಗ ಬಿಡುವುದಿಲ್ಲ, ಹಾಗಾಗಿ ಹಿನ್ನೀರಿನ ಬದಿಗೆ. 1911ರಲ್ಲಿ ಶುರುವಾದ ಕಟ್ಟೆ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಸಿಮೆಂಟ್ ಬದಲು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ವಿಶ್ವೇಶ್ವರಯ್ಯ, ನಾಲ್ವಡಿ, ಇದೆಲ್ಲ ನಮಗೆ ಶಾಲೆಯಲ್ಲೇ ಬಾಯಿಪಾಠ. ಅವರು ಹೇಳಿದ್ದು ಬೇರೆ. ನೀರು ತುಂಬಿದಾಗ ಮುಳುಗಿದ ಹಳೇ ಕನ್ನಂಬಾಡಿ ಅವರ ತಾತನ ಊರು. ವೇಣುಗೋಪಾಲಸ್ವಾಮಿ ದೇವಸ್ಥಾನ ಮುಳುಗಿತ್ತು, ಬರಗಾಲದಲ್ಲಿ ನೀರಿಳಿದಾಗ ಕಾಣಿಸುತ್ತಿತ್ತು. ಆಮೇಲೆ ಕಲ್ಲು ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ದಡದ ಮೇಲೆ ಮತ್ತೆ ಕಟ್ಟಿದರು.

"ದೇವ್ರು ಎದ್ ಬಂದ. ನಮ್ ಮನೆ ಬರ್ನಿಲ್ಲ" ಅಂದರು. ಕೈಯೆತ್ತಿ ನೀರಿನ ನಡುವೆ ಒಂದು ಕಡೆ ತೋರಿಸಿದರು. "ಗುಡಿಯಿಂದ ಬಲಕ್ಕೆ ಬಂದ್ರೆ ಬಾವಿ. ಬಾವಿಯಿಂದ ನಾಕನೇ ಮನೆ ನಮ್ದು."

"ನೀವು ನೋಡಿದ್ರಾ ಆ ಮನೇನ?"

"ನಾ ಎಲ್ ನೋಡ್ಲವ್ವ, ಹುಟ್ಟೇ ಇರ್ಲಿಲ್ಲ. ನಮ್ ತಾತ ಹೇಳೋನು, ನಮ್ಮಪ್ಪ ಹೇಳೋನು."

ಅವರು ತೋರಿಸಿದ ಕಡೆ ಒಂದು ನೀರುಕಾಗೆ ಮುಳುಗಿ ಎದ್ದಿತು. ಮಾವ ಕಣ್ಣು ಕಿರಿದು ಮಾಡಿ, ನಿಜವಾಗಲೂ ನಾಲ್ಕನೇ ಮನೆ ಎಣಿಸುವವರ ಹಾಗೆ ನೋಡುತ್ತಿದ್ದರು.

ಹೊರಡುವಾಗ ಉಳಿದ ಕಾರ್ಡಿನ ಮಾತು ಬಂತು. ಕೇಳಿದ ತಕ್ಷಣ ಇವರು ನಕ್ಕರು. "ಅಯ್ಯೋ, ಅವ್ನು ಮನೆ ಮಾರಿ ಆರು ವರ್ಷ ಆಯ್ತಲ್ಲೋ. ಮಗ ಈ ರೋಡಲ್ಲೇ ಸೈಟ್ ತಗಂಡು ಮನೆ ಕಟ್ಟವ್ನೆ. ನೀನ್ ಬರೋ ದಾರೀಲೇ ದಾಟ್ಕಂಡ್ ಬಂದಿದ್ದೀಯ." ಮೊಬೈಲ್ ನಂಬರ್ ಕೊಟ್ಟರು. ಮದುವೆ ಎಲ್ಲಿ ಅಂತ ಕೇಳಿದರು. ಕಾರ್ಡಿನ ಹಿಂದೆ ಚೌಟ್ರಿಗೆ ದಾರಿ ತೋರಿಸುವ ನಕ್ಷೆ ಅಚ್ಚು ಹಾಕಿಸಿದ್ದೆವು. ಅದನ್ನು ತಿರುಗಿಸಿ ನೋಡಲೂ ಇಲ್ಲ. "ಜಾವಾ ಫ್ಯಾಕ್ಟರಿಯಿಂದ ಎಷ್ಟ್ ದೂರ?" ಅಂದರು. ಮಾವ ಹೇಳಿದರು. "ಸರಿ ಬುಡು, ಗೊತ್ತಾಯ್ತು."

ಬೃಂದಾವನದ ದೀಪ ಹತ್ತುವ ಹೊತ್ತಿಗೆ ನಾವು ವಾಪಸ್ ಹೊರಟೆವು. ಎಲ್ಲರೂ ಒಳಗೆ ಹೋಗುತ್ತಿದ್ದರು, ಸಂಗೀತ ಕಾರಂಜಿ ನೋಡಲು. ನಾವಿಬ್ಬರೇ ಎದುರು ದಿಕ್ಕು.

ಬಡಾವಣೆ ಸಿಕ್ಕಿತು, ಮನೆ ಸಿಗಲಿಲ್ಲ. ಕಮಾನಿನೊಳಗೆ ಹೋದರೆ ಎಲ್ಲ ರಸ್ತೆಯೂ ಒಂದೇ ಥರ, ಎಲ್ಲ ಮನೆಯೂ ಒಂದೇ ಥರ. ಬೂದು ಬಣ್ಣದ ಗೇಟು, ಪಕ್ಕದಲ್ಲಿ ಖಾಲಿ ಸೈಟು, ಮತ್ತೆ ಬೂದು ಗೇಟು. ಒಂದು ಅಂಗಡಿಯಿಲ್ಲ, ಒಂದು ಮರವಿಲ್ಲ, ಕೇಳೋಣವೆಂದರೆ ರಸ್ತೆಯಲ್ಲಿ ಒಬ್ಬ ಮನುಷ್ಯನಿಲ್ಲ. ಮಾವ ಮೊದಲ ಸಲ ಡೈರಿ ಮುಚ್ಚಿ ಜೇಬಿಗಿಟ್ಟರು. ಸ್ಪೀಕರ್ ಹಾಕಿ ಫೋನ್ ಹಚ್ಚಿದೆ.

"ಎಲ್ಲೋ ನಿನ್ನ ಮನೆ?"

"ಹತ್ತನೇ ಕ್ರಾಸ್ ಕಣೋ, ನಾನೂರ ಹನ್ನೆರಡು."

"ಹತ್ತಿರ ಏನಿದೆ ಹೇಳು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಏನಿದೆ ಅಂತ ಹೇಳ್ಲೋ... ಏನೂ ಇಲ್ಲ. ಮಗನ ಕೈಲಿ ಲೊಕೇಶನ್ ಹಾಕಿಸ್ಲಾ?"

"ಅದೆಲ್ಲ ಬೇಡ. ನೀನೇ ರೋಡಿಗೆ ಬಂದು ನಿಂತ್ಕೋ."

ಮೂರು ಕ್ರಾಸ್ ದಾಟಿ ತಿರುಗಿದೆ. ದೂರದಲ್ಲಿ, ಎರಡು ಬೀದಿದೀಪದ ನಡುವಿನ ಕತ್ತಲಲ್ಲಿ, ಬಿಳಿ ಪಂಚೆ ಉಟ್ಟ ಒಬ್ಬರು ಮೊಬೈಲಿನ ಟಾರ್ಚ್ ಹಿಡಿದು ಮೇಲೆ ಕೆಳಗೆ ಆಡಿಸುತ್ತಿದ್ದರು.

"ಅಗೋ" ಅಂದರು ಮಾವ, ನನ್ನ ಬೆನ್ನು ತಟ್ಟಿ. "ಅಲ್ಲೇ ನಿಲ್ಸು."